ಎರಡೂವರೆ ಗಂಟೆಯ ದಿಲ್ಲಿ

ದೂರದಲ್ಲಿದ್ದವರು ಬಂದು ಕಣ್ಣೆದುರು ನಿಂತರಂತೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಶೆಟ್ಟಿಹಳ್ಳಿಯ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುವವಳು ನಾನು. ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ಬರುತ್ತದೆ, ಅದರಾಚೆ ಏನೂ ಇಲ್ಲ ಎಂದು ನಂಬಿದ್ದೆ. ಈಗ ನನ್ನ ಮಾತಿಗೆ ನೀವು ನಕ್ಕರೂ ಬೇಸರವಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಅಪ್ಪ ತುಮಕೂರಿನ ಆಸ್ಪತ್ರೆಯೊಂದರಲ್ಲಿ ಮಲಗಿದ್ದರು. ಕುಣಿಗಲ್ ರಸ್ತೆಯ ಕಿಲೋಮೀಟರ್ ಕಲ್ಲುಗಳಿಗೆ ಬಣ್ಣ ಬಳಿದು, ಅಂಕಿ ಬರೆದು ನಿವೃತ್ತರಾದವರು. ರಾತ್ರಿ ಕಳೆಯುವುದು ಕಷ್ಟ ಎಂದು ಡಾಕ್ಟರು ಬೆಳಿಗ್ಗೆಯೇ ಹೇಳಿದ್ದರು. ಅಪ್ಪನಿಗೆ ಬೇಕಾಗಿದ್ದುದು ಒಂದೇ, ದಿಲ್ಲಿಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದ ನನ್ನ ತಮ್ಮನ ಮುಖ ನೋಡುವುದು. ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದೆ. ವಿಮಾನದ ಟಿಕೆಟ್ ಸಿಗಲಿಲ್ಲ, ರಾತ್ರಿ ರೈಲು ಹತ್ತುತ್ತೇನೆ ಎಂದ. ಅಂದರೆ ಮೂರನೆಯ ದಿನಕ್ಕೆ ಬರುವುದು.

ಅದನ್ನು ಅಪ್ಪನಿಗೆ ಹೇಳಲು ಬಾಯಿ ಬರಲಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನಾನು ಹೇಳಿದ್ದು ಒಂದೇ ಸುಳ್ಳು. "ರಾತ್ರಿ ಹನ್ನೊಂದಕ್ಕೆ ವಿಮಾನ ಹತ್ತುತಾನಪ್ಪ. ಎರಡೂವರೆ ಗಂಟೆ ಹಾರಿದ್ರೆ ಬೆಂಗ್ಳೂರು. ಅಲ್ಲಿಂದ ಇಲ್ಲಿಗೆ ಎರಡು ಗಂಟೆ."

ಅಪ್ಪ ಕಣ್ಣರಳಿಸಿದರು. "ಎರಡೂವರೆ ಗಂಟೆನಾ? ನಮ್ ಗುಬ್ಬಿ ಬಸ್ಸೂ ಬೆಂಗ್ಳೂರ್ಗೆ ಅಷ್ಟೇ ತಗಳುತ್ತೆ ಕಣಮ್ಮ. ಅಂಗಾರೆ ದಿಲ್ಲಿ ಇಲ್ಲೇ ಐತೆ ಅನ್ನು! ಆಕಾಶದಾಗೆ ಕಲ್ಲು ಯಾರ್ ನೆಟ್ಟವ್ರೆ, ದೂರ ಅಳೆಯಾಕೆ?"

ಗೋಡೆಯ ಗಡಿಯಾರ ನೋಡುತ್ತಾ ಎಣಿಸತೊಡಗಿದರು. ಹೊದಿಕೆಯ ಅಂಚಿನ ಮೇಲೆ ಅವರ ಬೆರಳು ಒಂದೊಂದೇ ಕಲ್ಲು ದಾಟುತ್ತಿತ್ತು. ಒಂದೂವರೆಗೆ "ಇಳ್ದ" ಎಂದರು. ಆಮೇಲೆ "ದಾಬಸ್‌ಪೇಟೆ". ಮೂರು ದಾಟಿದ ಮೇಲೆ "ಕ್ಯಾತ್ಸಂದ್ರ ಬಂತು". ನಿಜ ಹೇಳಿಬಿಡಲೇ ಎಂದು ಎರಡು ಸಲ ಬಾಯಿ ತೆರೆದು ಮುಚ್ಚಿದೆ.

ಮೂರೂವರೆಗೆ ಅಪ್ಪ ಕಷ್ಟಪಟ್ಟು ಪಕ್ಕಕ್ಕೆ ಸರಿದು ಹಾಸಿಗೆಯಲ್ಲಿ ಜಾಗ ಮಾಡಿದರು. ಬಾಗಿಲಲ್ಲಿ ಯಾರೂ ಇರಲಿಲ್ಲ. "ಬಂದ್ಯೇನ್ಲಾ? ಕೂತ್ಕೊ. ಮೀಸೆ ಯಾಕ್ಲಾ ತೆಗ್ಸ್‌ದೆ, ಚೆನ್ನಾಗಿತ್ತಲ್ಲ" ಎಂದು ನಕ್ಕರು. ಆ ನಗು ಮುಖದಲ್ಲಿರುವಾಗಲೇ ಉಸಿರು ನಿಂತಿತು.

ತಮ್ಮ ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. ಅವನ ಮುಖವನ್ನೇ ಮತ್ತೆ ಮತ್ತೆ ನೋಡಿದೆ. ಪ್ರಾಯ ಬಂದಾಗಿನಿಂದ ಬಿಟ್ಟಿದ್ದ ಮೀಸೆ ಇರಲಿಲ್ಲ. ಕ್ಯಾಂಟೀನಿನ ಹೊಸ ಮ್ಯಾನೇಜರು ವಾರದ ಹಿಂದಷ್ಟೇ ತೆಗೆಸಿದ್ದನಂತೆ. ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನಗೂ. "ಅಪ್ಪ ನನ್ ಕೇಳುದ್ರಾ ಅಕ್ಕ?" ಎಂದು ಅತ್ತ. "ಕೇಳುದ್ರು ಕಣೋ" ಎಂದೆ, ಅಷ್ಟೇ.

ಅಪ್ಪ ಅವನನ್ನು ನಿಜವಾಗಿ ಕಂಡರು ಎಂದುಕೊಂಡರೆ ನನ್ನ ಸುಳ್ಳಿಗೆ ಕ್ಷಮೆ ಉಂಟು. ಆದರೆ ನನ್ನ ಲೆಕ್ಕದ ಬುದ್ಧಿ ಒಪ್ಪುವುದಿಲ್ಲ. ನಾಲ್ಕೂವರೆ ಗಂಟೆ ಎಂದೆ, ನಾಲ್ಕೂವರೆ ಗಂಟೆ ಉಸಿರು ಹಿಡಿದರು. ರೈಲು ಎಂದಿದ್ದರೆ? ಒಂದು ಕಲ್ಲಿನ ಮೇಲೂ ತಪ್ಪು ಅಂಕಿ ಬರೆಯದ ಮನುಷ್ಯ, ಮೂರು ದಿನವೂ ಎಣಿಸುತ್ತಾ ಮಲಗಿರುತ್ತಿದ್ದರೇನೋ. ವಿಮಾನದ ಮಾತನ್ನು ತಮ್ಮನಿಗೆ ನಾನು ಇಂದಿಗೂ ಹೇಳಿಲ್ಲ.