ಉಪ್ಸಾಲಾಕ್ಕೆ ಹೋಗಿ ಬಂದ ಮಂಡಿ

ಫೆಬ್ರವರಿ ಕೊನೆಯ ಒಂದು ಮಂಗಳವಾರ ಬೆಳಿಗ್ಗೆ ಏಳೂವರೆ ಸುಮಾರಿನ ರೈಲಿಗೆ ಸ್ವೀಡನ್ನಿನ ಸ್ಯಾಂಡ್‌ವಿಕೆನ್‌ನಿಂದ ಹೊರಟೆವು. ಹೊರಗೆ ಸೊನ್ನೆಗಿಂತ ಒಂಬತ್ತು ಡಿಗ್ರಿ ಕೆಳಗಿನ ಚಳಿ. ಹೊರಟವರು ಮೂವರು: ನಾನು, ಇಮ್ತಿಯಾಜ್ ಅಂಕಲ್, ಮತ್ತು ಅವರ ಬಲಮಂಡಿ. ಟಿಕೆಟ್ ಮಾತ್ರ ಎರಡೇ ತೆಗೆದಿದ್ದೆವು.

ಅಂಕಲ್ ಭದ್ರಾವತಿಯವರು. ಅಲ್ಲಿಯ ಉಕ್ಕಿನ ಊರಿನಲ್ಲಿ ಹುಟ್ಟಿ, ಇಲ್ಲಿಯ ಉಕ್ಕಿನ ಊರಿಗೆ ಬಂದು ಹದಿನೆಂಟು ವರ್ಷವಾಯಿತು. ನಾವಿಬ್ಬರೂ ಒಂದೇ ಕಾರ್ಖಾನೆ. ಅವರು ಗ್ರೈಂಡಿಂಗ್ ವಿಭಾಗದ ಹಿರಿಯ ಎಂಜಿನಿಯರ್, ನಾನು ಅವರ ಯಂತ್ರಗಳ ಹತ್ತಿರ ಹೋಗಬಾರದು ಎಂದು ಅವರಿಂದಲೇ ಹೇಳಿಸಿಕೊಂಡ ಕಿರಿಯ. ಎರಡು ವರ್ಷದಿಂದ ಅವರ ಮಂಡಿ ಸವೆದಿದೆ. ಒಂದು ವರ್ಷ ಊರಿನ ಆರೋಗ್ಯ ಕೇಂದ್ರದವರು ಹೇಳಿದ ವ್ಯಾಯಾಮ ಮಾಡಿದರು. ಸ್ವಲ್ಪ ಗುಣ ಕಂಡಿತು, ಆಮೇಲೆ ನಿಂತುಹೋಯಿತು. ಆಗ ಉಪ್ಸಾಲಾದ ಒಂದು ಖಾಸಗಿ ಕ್ಲಿನಿಕ್ ಸಿಕ್ಕಿತು. ಅಲ್ಲಿ ರೋಗಿಯ ತೋಳಿನ ರಕ್ತವನ್ನೇ ತೆಗೆದು, ಯಂತ್ರದಲ್ಲಿ ತಿರುಗಿಸಿ, ಅದರಿಂದ ಬೇರ್ಪಡುವ ಹಳದಿ ದ್ರವವನ್ನು ಮಂಡಿಯೊಳಕ್ಕೆ ಚುಚ್ಚುತ್ತಾರೆ.

ಚುಚ್ಚಿಸಿಕೊಂಡ ಮೇಲೆ ಒಬ್ಬರೇ ವಾಪಸು ಹೋಗಬೇಡಿ ಎಂದು ಕ್ಲಿನಿಕ್ ಹೇಳಿತ್ತು. ಅವರ ಹೆಂಡತಿ ನಸೀಮಾ ಆಂಟಿ ಡಾಗಿಸ್‌ನಲ್ಲಿ, ಅಂದರೆ ಇಲ್ಲಿಯ ಶಿಶುವಿಹಾರದಲ್ಲಿ, ಕೆಲಸ ಮಾಡುತ್ತಾರೆ. ಅವತ್ತು ರಜೆ ಸಿಗಲಿಲ್ಲ. ನನಗೆ ಫೋನ್ ಮಾಡಿದರು.

"ನೀನೇ ಹೋಗಪ್ಪ ಸಂದೀಪ. ಅವರ ಕಾಲು ನಿನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿದೆ?"

ಈ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ನಾನು ಮಿಮಿಕ್ರಿ ಮಾಡುವವನು. ನನ್ನ ಮ್ಯಾನೇಜರ್, ಮನೆ ಮಾಲೀಕ, ನನ್ನದೇ ಹರುಕು ಮುರುಕು ಸ್ವೀಡಿಷ್, ಯಾರನ್ನೂ ಬಿಟ್ಟವನಲ್ಲ. ಇಲ್ಲಿಯ ಕನ್ನಡಿಗರ ನವೆಂಬರಿನ ರಾಜ್ಯೋತ್ಸವದಲ್ಲಿ ಅಂಕಲ್ ಮೆಟ್ಟಿಲಿಳಿಯುವುದನ್ನು ಮಾಡಿ ತೋರಿಸಿದ್ದೆ. ಕಂಬಿ ತಬ್ಬಿಕೊಂಡು, ಏಡಿಯಂತೆ ಅಡ್ಡಡ್ಡ ಇಳಿದು, ಪ್ರತಿ ಮೆಟ್ಟಿಲಿಗೂ ಒಮ್ಮೆ ಆಕಾಶ ನೋಡಿದ್ದೆ. ಹಾಲ್‌ಗೆ ಹಾಲೇ ನಕ್ಕಿತು. ಅಂಕಲ್ ಎಲ್ಲರಿಗಿಂತ ಜೋರಾಗಿ ನಕ್ಕರು. ಆದರೆ ಸಂಕ್ರಾಂತಿಯ ಕೂಟಕ್ಕೆ ಅವರು ಬರಲಿಲ್ಲ. ಹಾಲ್ ಇರುವುದು ಮೊದಲನೇ ಮಹಡಿಯಲ್ಲಿ. "ಇಳಿಯೋವಾಗ ಈಗ ಎಲ್ರೂ ನೋಡ್ತಾರೆ ಅಂತಾರಪ್ಪ" ಎಂದು ಆಂಟಿ ಒಂದು ದಿನ ಸಾಮಾನಿನಂಗಡಿಯಲ್ಲಿ ಸಿಕ್ಕಾಗ ಹೇಳಿದ್ದರು. ನಾನು ಈರುಳ್ಳಿ ಆರಿಸುವವನಂತೆ ನಿಂತಿದ್ದೆ.

ಯೆವ್ಲೆಯಲ್ಲಿ ರೈಲು ಬದಲಿಸಬೇಕು. ಪ್ಲಾಟ್‌ಫಾರ್ಮಿನ ಮಂಜುಗಡ್ಡೆಯ ಮೇಲೆ ಜಾರದಿರಲೆಂದು ಸಣ್ಣ ಜಲ್ಲಿ ಹರಡಿದ್ದರು. ನಾನು ಕೈ ಕೊಡಲು ಹೋದೆ. ಅಂಕಲ್ ಆ ಕೈಗೆ ತಿಂಡಿಯ ಡಬ್ಬಿ ಕೊಟ್ಟು ತಾವೇ ನಡೆದರು.

ಉಪ್ಸಾಲಾದ ರೈಲಿನಲ್ಲಿ ಡಬ್ಬಿ ತೆರೆದೆವು. ಚಪಾತಿಯೊಳಗೆ ಸುತ್ತಿದ ಖೀಮಾ, ಪಕ್ಕದಲ್ಲಿ ಉಪ್ಪಿನಕಾಯಿ. ಎದುರು ಸೀಟಿನ ಮಹಿಳೆ ವಾಸನೆಗೆ ತಲೆಯೆತ್ತಿ, ನಮ್ಮನ್ನು ನೋಡಿ, ನೋಡಲಿಲ್ಲವೆಂಬಂತೆ ಕಿಟಕಿಯತ್ತ ತಿರುಗಿದರು. ಹೊರಗೆ ಹಿಮ, ಕಪ್ಪು ಮರ, ಕೆಂಪು ಮನೆ, ಮತ್ತೆ ಹಿಮ.

"ಇವತ್ತು ಯಾರ ಮಿಮಿಕ್ರಿನೂ ಇಲ್ವೇನೋ?" ಎಂದರು ಅಂಕಲ್.

"ಇವತ್ತು ರಜೆ ಅಂಕಲ್."

"ರಜೆ ಚೀಟಿ ಯಾರಿಗೆ ಕೊಟ್ಟೆ? ನಾನು ಸೈನ್ ಮಾಡ್ಲಿಲ್ವಲ್ಲ."

ಮುಂದಿನ ನಿಲ್ದಾಣ ಟಿಯೆರ್ಪ್ ಎಂದು ಧ್ವನಿವರ್ಧಕ ಹೇಳಿದ್ದನ್ನು ಅದೇ ರಾಗದಲ್ಲಿ ಹೇಳಿ ತೋರಿಸಿದೆ. ಕಿಟಕಿಯತ್ತ ತಿರುಗಿದ್ದ ಮಹಿಳೆಯ ಭುಜ ಅಲುಗಿತು. ಅಂಕಲ್ ನಗಲಿಲ್ಲ. ಮಂಡಿಯ ಮೇಲೆ ಅಂಗೈಯಿಟ್ಟುಕೊಂಡು ಕುಳಿತಿದ್ದರು. ಉರಿಯೂತ ಇಳಿಸುವ ನೋವಿನ ಮಾತ್ರೆ ಮುಟ್ಟಬೇಡಿ ಎಂದು ಕ್ಲಿನಿಕ್ ಹೇಳಿ ಹತ್ತು ದಿನವಾಗಿತ್ತು.

"ಓಡಬೇಕು, ಬೆಟ್ಟ ಹತ್ತಬೇಕು ಅಂತ ಏನಿಲ್ಲ ಕಣೋ," ಎಂದರು. "ಒಂದು ಸಲ ಸಜ್ದಾ ಮಾಡೋ ಹಾಗಾದ್ರೆ ಸಾಕು. ಮಂಡಿ ಊರಿ, ಹಣೆ ನೆಲಕ್ಕೆ ಮುಟ್ಟಿಸಬೇಕು. ಎರಡು ವರ್ಷ ಆಯ್ತು, ಕುರ್ಚಿ ಮೇಲೆ ಕೂತು ನಮಾಜ್ ಮಾಡ್ತಿದೀನಿ."

"ಹಾಗೂ ಮಾಡಬಹುದಲ್ವಾ ಅಂಕಲ್?"

"ಅಲ್ಲಾಹನಿಗೆ ಕುರ್ಚಿ ನಡೆಯುತ್ತೆ. ನಂಗೆ ನಡೆಯಲ್ಲ."

ಉಪ್ಸಾಲಾದಲ್ಲಿ ಇಳಿದಾಗ ಬಿಸಿಲಿತ್ತು. ವಿದ್ಯಾರ್ಥಿಗಳು ಹಿಮದ ಮೇಲೂ ಸೈಕಲ್ ತುಳಿಯುತ್ತಿದ್ದರು. ಒಬ್ಬಳು ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಕಾಫಿ ಹಿಡಿದು ಹೋದಳು. ನಾನು ಎರಡು ಕೈ, ಎರಡು ಕಾಲು ಬಿಡುವಿದ್ದರೂ ಬಸ್ ನಿಲ್ದಾಣದೆದುರು ಜಾರಿ ಬಿದ್ದೆ. ಅಂಕಲ್ ಬೆಳಿಗ್ಗೆಯಿಂದ ಮೊದಲ ಸಲ ನಕ್ಕರು. "ಡಾಕ್ಟರ್ ಹತ್ರ ಇಬ್ಬರನ್ನೂ ತೋರಿಸೋಣ" ಎಂದರು. ಬಸ್ಸಿನಲ್ಲಿ ಹತ್ತೇ ನಿಮಿಷದ ದಾರಿ.

ಕ್ಲಿನಿಕ್ಕಿನ ಡಾಕ್ಟರ್ ಲೆನಾ, ನಲವತ್ತರ ಆಸುಪಾಸಿನ ಮಹಿಳೆ. ಇಲ್ಲಿ ಡಾಕ್ಟರನ್ನೂ ಹೆಸರು ಹಿಡಿದೇ ಕರೆಯುವುದು. ಅಂಕಲ್‌ಗೆ ಅದು ಇನ್ನೂ ಬಾಯಿಗೆ ಬರುವುದಿಲ್ಲ. "ಮೇಡಂ" ಎಂದೇ ಶುರುಮಾಡಿದರು. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಎಕ್ಸ್‌ರೇ ನೋಡಿ, ಮಂಡಿ ಮಡಿಸಿ ಬಿಡಿಸಿ, ಲೆನಾ ಕೇಳಿದರು: "ಸೊನ್ನೆಯಿಂದ ಹತ್ತರ ಒಳಗೆ ಹೇಳಿ, ನೋವು ಎಷ್ಟು?"

"ಎರಡು," ಎಂದರು ಅಂಕಲ್. ಸ್ವಲ್ಪ ಯೋಚಿಸಿ, "ಕೆಲವು ದಿನ ಎರಡೂವರೆ."

ಲೆನಾ ನಡೆದು ತೋರಿಸಲು ಹೇಳಿದರು. ಅಂಕಲ್ ಅಂಗಿ ಎಳೆದುಕೊಂಡು, ಎದೆ ಸೆಟೆಸಿ, ಹೆಣ್ಣು ನೋಡಲು ಬಂದ ವರನ ಹಾಗೆ ಗೋಡೆಯಿಂದ ಗೋಡೆಗೆ ನಡೆದರು. ಹಣೆಯ ಮೇಲೆ ಬೆವರಿತ್ತು. ಮೆಟ್ಟಿಲು? "ನೋ ಪ್ರಾಬ್ಲಂ."

ಇದು ನಮ್ಮವರ ಪದ್ಧತಿ. ಡಾಕ್ಟರರೆದುರು ಒಳ್ಳೆಯ ಅಂಗಿ ಹಾಕಿಕೊಂಡು ಹೋಗುತ್ತೇವೆ, ಹೇಗಿದ್ದೀರಿ ಎಂದರೆ ಚೆನ್ನಾಗಿದ್ದೇನೆ ಎನ್ನುತ್ತೇವೆ. ನೋವನ್ನು ಕಂಡುಹಿಡಿಯುವುದು ಅವರ ಕೆಲಸ. ಇಲ್ಲಿಯವರಿಗೆ ಈ ಆಟ ಗೊತ್ತಿಲ್ಲ. ರೋಗಿ ಎರಡು ಎಂದರೆ ಎರಡು ಎಂದೇ ಬರೆದುಕೊಳ್ಳುತ್ತಾರೆ.

ಲೆನಾ ಹಾಗೇ ಬರೆದುಕೊಂಡರು. "ಇಷ್ಟು ಕಡಿಮೆ ನೋವಿಗೆ ನಾನು ಸೂಜಿ ಹಾಕುವುದಿಲ್ಲ. ವ್ಯಾಯಾಮ ಮುಂದುವರಿಸಿ, ಅಷ್ಟು ಸಾಕು."

ಅಂಕಲ್ "ಥ್ಯಾಂಕ್ ಯು" ಎಂದು ಜಾಕೆಟ್ ಕೈಗೆತ್ತಿಕೊಂಡರು. ನಾನು ಕನ್ನಡದಲ್ಲಿ, "ಅಂಕಲ್, ನಿಜ ಹೇಳಲಾ?" ಎಂದೆ.

"ಸುಮ್ನಿರು."

"ಸಜ್ದಾ ಅಂದ್ರಿ."

ಅವರು ಜಾಕೆಟ್ಟಿನ ಜಿಪ್ಪನ್ನೇ ನೋಡುತ್ತಾ ಕುಳಿತರು. ಲೆನಾ ಅವಸರಿಸಲಿಲ್ಲ. ಕೊನೆಗೆ ಅಂಕಲ್ ತಲೆಯೆತ್ತದೆ, "ನನ್ನ ಬಾಯಲ್ಲಿ ಬರಲ್ಲ. ಹಾಲ್‌ನಲ್ಲಿ ಮಾಡಿದ್ಯಲ್ಲ, ಅದನ್ನೇ ಮಾಡಿ ತೋರ್ಸು," ಎಂದರು.

ಮೂಲೆಯಲ್ಲಿ ವ್ಯಾಯಾಮಕ್ಕೆಂದು ಎರಡು ಮೆಟ್ಟಿಲಿನ ಮರದ ಪೀಠವೊಂದಿತ್ತು. ಹತ್ತಿ ನಿಂತೆ. ನೂರು ಜನರೆದುರು ಹೆದರದವನು ಇಬ್ಬರೆದುರು ಹೆದರಿದೆ. ಗೋಡೆಯ ಕಂಬಿ ಹಿಡಿದೆ. ಈ ಸಲ ಏಡಿಯಾಗಲಿಲ್ಲ, ಆಕಾಶ ನೋಡಲಿಲ್ಲ. ಅವರು ಹಿಡಿಯುವ ಉಸಿರನ್ನು ಹಿಡಿದು ಎಡಗಾಲು ಕೆಳಗಿಟ್ಟೆ.

"ತಪ್ಪು," ಎಂದರು ಅಂಕಲ್.

ನಾನು ಕಂಬಿ ಬಿಡದೆ ತಿರುಗಿ ನೋಡಿದೆ.

"ಅವತ್ತೂ ಇದೇ ತಪ್ಪು ಮಾಡಿದೆ. ಒಳ್ಳೆ ಕಾಲು ಮೊದಲು ಇಳಿಸಿದ್ರೆ ಮೈಭಾರ ಎಲ್ಲಾ ಮಡಚಿದ ನೋವಿನ ಮಂಡಿ ಮೇಲೆ ಬೀಳುತ್ತೆ, ಅಲ್ಲೇ ಉರುಳ್ತೀನಿ. ನೋವಿನ ಕಾಲು ಮೊದಲು ಇಳೀಬೇಕು. ಮೂರು ತಿಂಗಳಿಂದ ಹೇಳ್ಬೇಕು ಅಂತಿದ್ದೆ. ಸರಿ, ಪಕ್ಕಕ್ಕೆ ಬಾ."

ಎದ್ದು ಬಂದರು. ಕಂಬಿ ಹಿಡಿದು ಪೀಠ ಹತ್ತಿದರು. ಇಳಿಯುವಾಗ ಬಲಗಾಲು ಮೊದಲು. ಕಣ್ಣು ಮುಚ್ಚಿತು, ದವಡೆ ಬಿಗಿಯಿತು, ಕಂಬಿ ಹಿಡಿದ ಬೆರಳು ಬಿಳಿಚಿದವು. ಇದ್ಯಾವುದನ್ನೂ ನಾನು ಎಂದೂ ಮಾಡಿರಲಿಲ್ಲ. ಯಾಕೆಂದರೆ ಇದನ್ನು ನೋಡಿಯೇ ಇರಲಿಲ್ಲ; ನೋಡಿದ್ದು ನಗು ಬರುವಷ್ಟು ಮಾತ್ರ.

"ಈಗ ಹೇಳಿ, ಎಷ್ಟು?" ಎಂದರು ಲೆನಾ.

"ಏಳು."

ಇಲ್ಲಿ ಕೆಲವರು ಹೌದು ಎನ್ನುವುದನ್ನು ಉಸಿರು ಒಳಗೆಳೆದುಕೊಂಡೇ ಹೇಳುತ್ತಾರೆ. ಲೆನಾ ಹಾಗೆ ಒಂದು ಹೌದು ಹೇಳಿ, ಎರಡನ್ನು ಹೊಡೆದುಹಾಕಿ ಏಳು ಬರೆದರು. ಸಜ್ದಾದ ವಿಷಯವನ್ನು ಅಂಕಲ್ ತಾವೇ ಹೇಳಿದರು. ಲೆನಾ ಕೇಳಿಸಿಕೊಂಡು ನೇರವಾಗಿ ಉತ್ತರಿಸಿದರು: ಸವೆದ ಮೃದ್ವಸ್ಥಿ ಇದರಿಂದ ಮತ್ತೆ ಬೆಳೆಯುತ್ತದೆ ಎಂದು ನಂಬಬೇಡಿ. ಕೆಲವರಿಗೆ ಕೆಲವು ತಿಂಗಳು ನೋವು ಇಳಿಯುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ, ತಜ್ಞರಲ್ಲೂ ಒಮ್ಮತವಿಲ್ಲ. ಮಂಡಿಯೂರಬಹುದು ಎಂಬ ಮಾತನ್ನು ನಾನು ಕೊಡಲಾರೆ.

"ಗ್ಯಾರಂಟಿ ಕಾರ್ಡ್ ಕೇಳ್ತಿಲ್ಲ ಮೇಡಂ," ಎಂದು ಅಂಕಲ್ ತೋಳು ಮಡಿಸಿದರು.

ರಕ್ತ ತೆಗೆದು ಯಂತ್ರದೊಳಗಿಟ್ಟಾಗ ಅಂಕಲ್ ಅರ್ಧ ಎದ್ದು ಇಣುಕಿದರು. ಎದುರಿನ ಗೂಡಿನಲ್ಲಿ ಅಷ್ಟೇ ತೂಕದ ನೀರಿನ ಕೊಳವೆ ಇಟ್ಟಿದ್ದರು. "ನೋಡು, ಬ್ಯಾಲೆನ್ಸ್ ಮಾಡಿದಾರೆ. ಶಬ್ದ ಕೇಳು, ಒಂದೇ ಸಮ ಇದೆ. ನೀನು ಸೆಟ್ ಮಾಡಿದ್ದಿದ್ರೆ ಇಷ್ಟೊತ್ತಿಗೆ ಮೇಜು ಬಾಗಿಲ ಹತ್ರ ಇರ್ತಿತ್ತು." ಸುಮಾರು ಕಾಲು ಗಂಟೆಯಲ್ಲಿ ರಕ್ತ ಎರಡಾಗಿತ್ತು, ಕೆಳಗೆ ಕೆಂಪು, ಮೇಲೆ ಒಣಹುಲ್ಲಿನ ಬಣ್ಣ. ಆ ಬಣ್ಣ ಮಂಡಿಯೊಳಗೆ ಹೋಗುವಾಗ ಅಂಕಲ್ ನನ್ನ ಮಣಿಕಟ್ಟು ಹಿಡಿದರು. ಎಷ್ಟು ಎಂದು ನಾನು ಕೇಳಲಿಲ್ಲ; ಮಣಿಕಟ್ಟಿಗೇ ಗೊತ್ತಾಯಿತು.

ವಾಪಸು ಬರುವಾಗ ಮಂಡಿ ಊದಿತ್ತು. ಎರಡು ಮೂರು ದಿನ ಹೀಗೇ ಇರುತ್ತದೆ, ಗುಣ ತಿಳಿಯಲು ವಾರಗಳು ಬೇಕು ಎಂದಿದ್ದರು. ಯೆವ್ಲೆಯಲ್ಲಿ ಅಂಕಲ್ ಕೈ ಚಾಚಿದರು. ಡಬ್ಬಿ ಕೊಡಲಿಕ್ಕಲ್ಲ, ಹಿಡಿದುಕೊಳ್ಳಲಿಕ್ಕೆ. ಸ್ಯಾಂಡ್‌ವಿಕೆನ್ ತಲುಪಿದಾಗ ಸೂರ್ಯ ಇಳಿಯುತ್ತಿದ್ದ.

ಅವರ ಮನೆ ಬಾಗಿಲಿಗೆ ಮೂರು ಮೆಟ್ಟಿಲು. ಆಂಟಿ ಬಾಗಿಲಲ್ಲೇ ನಿಂತಿದ್ದರು. ಅಂಕಲ್ ಮೊದಲ ಮೆಟ್ಟಿಲಿನೆದುರು ನಿಂತು, "ಹತ್ತೋವಾಗ ಯಾವ ಕಾಲು ಮೊದಲು? ಹೇಳು," ಎಂದರು.

"ಎಡ. ಒಳ್ಳೇದು."

"ಪಾಸ್."

"ತುಂಬಾ ನೋವಿದ್ಯಾ ರೀ?" ಎಂದರು ಆಂಟಿ.

"ಏನಿಲ್ಲ..." ಎಂದು ಶುರುಮಾಡಿ, ನನ್ನತ್ತ ನೋಡಿ, "ಎಂಟು," ಎಂದರು. ಎರಡು ವರ್ಷದಲ್ಲಿ ಆ ಮನೆಯಲ್ಲಿ ನೋವಿಗೆ ಅಂಕೆ ಬಿದ್ದದ್ದು ಅದೇ ಮೊದಲಿರಬೇಕು. ಆಂಟಿ ಒಂದು ಮೆಟ್ಟಿಲು ಇಳಿದು ಬಂದು ಅವರ ಇನ್ನೊಂದು ತೋಳು ಹಿಡಿದರು.

ರಸ್ತೆಯಿಂದ ತಿರುಗಿ ನೋಡಿದೆ. ಒಳಗೆ ದೀಪ ಹತ್ತಿತ್ತು. ಆಂಟಿ ಊಟದ ಮೇಜಿನಿಂದ ಒಂದು ಕುರ್ಚಿ ಎಳೆದು ಕಿಟಕಿಯ ಪಕ್ಕದಲ್ಲಿ ನಮಾಜಿನ ದಿಕ್ಕಿಗೆ ಓರೆಯಾಗಿ ಇಟ್ಟರು. ಅಂಕಲ್ ಬಲಗಾಲು ಚಾಚಿಕೊಂಡು ಅದರ ಮೇಲೆ ಕುಳಿತರು, ಕೈಗಳನ್ನು ಕಿವಿಯವರೆಗೆ ಎತ್ತಿದರು. ಆಮೇಲೆ ಮುಂದಕ್ಕೆ ಬಾಗಿದರು. ಹಣೆಗೂ ನೆಲಕ್ಕೂ ನಡುವೆ ಇನ್ನೂ ಒಂದು ಗಜದಷ್ಟು ಗಾಳಿಯಿತ್ತು. ಅಷ್ಟು ದೂರವನ್ನು ನೋಡಿಕೊಂಡು, ನಾನು ಯಾರ ನಡಿಗೆಯನ್ನೂ ಮಾಡದೆ ನನ್ನ ನಡಿಗೆಯಲ್ಲೇ ಮನೆಗೆ ಹೋದೆ.