ಸುಮ್ಮನಿರುವ ಸಮುದ್ರಕ್ಕೆ ಚರಗ

ಆ ಬೀಚಿಗೆ ನಾವು ಹೋಗುತ್ತಿದ್ದುದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಸ್ಯಾನ್‌ಫ್ರಾನ್ಸಿಸ್ಕೊಗೆ ಎದುರಾಗಿದ್ದ ಅಲಮೀಡಾದ ಆ ದಡದಲ್ಲಿ ಎಷ್ಟು ದೂರ ನಡೆದರೂ ನೀರು ಮಂಡಿ ದಾಟುತ್ತಿರಲಿಲ್ಲ. ಪಾರ್ಕಿಂಗು ಸುಲಭ. ಮಗಳು ಎಲ್ಲಿ ಓಡಿದರೂ ಕಣ್ಣಿಗೆ ಕಾಣುತ್ತಿದ್ದಳು. ಅಬ್ಬರದ ಅಲೆ ಬೇಕಾದವರು ಬೆಟ್ಟ ದಾಟಿ ಪೆಸಿಫಿಕ್ ಕಡೆ ಹೋಗುತ್ತಿದ್ದರು; ಇಲ್ಲಿಗೆ ಬರುತ್ತಿದ್ದವರು ಕೂಸು ಕಟ್ಟಿಕೊಂಡವರು ಮತ್ತು ವಯಸ್ಸಾದವರು. ಫ್ರೀಮಾಂಟಿನ ನಮ್ಮ ಅಪಾರ್ಟ್‌ಮೆಂಟಿನಿಂದ ಫ್ರೀವೇ ಹಿಡಿದರೆ, ಟ್ರಾಫಿಕ್ಕು ಕೈಕೊಡದಿದ್ದರೆ, ಡಬ್ಬಿಯ ಅನ್ನ ಆರುವುದರೊಳಗೆ ತಲುಪುತ್ತಿದ್ದೆವು.

ನನ್ನ ಅತ್ತೆ ಗದಗದ ಕಡೆಯವರು. ಮಾವ ತೀರಿಹೋದ ವರ್ಷ ಅವರನ್ನು ಕರೆಸಿಕೊಂಡಿದ್ದೆವು. ಆ ಬೀಚನ್ನು ಮೊದಲ ಸಲ ತೋರಿಸಿದಾಗ ಸೊಂಟದ ಮೇಲೆ ಕೈ ಇಟ್ಟು ನಿಂತು, "ಇದು ಸಮುದ್ರಾನ? ತೆರಿ ಎಲ್ಲಿ ಅದಾವು? ನಮ್ಮೂರ ಕೆರೀನ ಇದಕ್ಕಿಂತ ಜೋರ್ ಐತಿ," ಎಂದುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ನಾನೇ ಕಟ್ಟಿಸಿದ ಸಮುದ್ರವೇನೋ ಎಂಬಂತೆ ಅದರ ಪರವಾಗಿ ವಾದಕ್ಕಿಳಿದೆ. ಅತ್ತೆ ಕಿಸಕ್ಕನೆ ನಕ್ಕು, ಚಪ್ಪಲಿ ಬಿಟ್ಟು, ಸೀರೆ ಎತ್ತಿ ಹಿಡಿದು ನೀರಿಗಿಳಿದರು. ಆಮೇಲೆ ವಾರ ವಾರವೂ "ಆ ಸುಮ್ಮನಿರೂ ಸಮುದ್ರಕ್ಕ ಹೋಗೂಣೇನ?" ಎಂದು ಅವರೇ ಕೇಳುತ್ತಿದ್ದರು. ಊರಿಗೆ ಮರಳಿದ ಮೇಲೆ ಅವರು ಮತ್ತೆ ಈ ದೇಶಕ್ಕೆ ಬರಲಿಲ್ಲ, ಈಗ ಅವರೂ ಇಲ್ಲ. ಯಾರಾದರೂ ಬೀಚು ಎಂದರೆ ಇವತ್ತಿಗೂ ನನಗೆ ಆ ಒಂದು ಚಳಿಗಾಲವೇ ನೆನಪಾಗುತ್ತದೆ.

ಡಿಸೆಂಬರ್ ಬಂತು. ಅತ್ತೆ ಕ್ಯಾಲೆಂಡರಿನ ಮುಂದೆ ನಿಂತು, "ಎಳ್ಳಮಾಸಿ ಬಂತು, ಚರಗ ಎಲ್ಲಿ ಚೆಲ್ಲೂದು?" ಎಂದರು. ಬೆಂಗಳೂರಿನಲ್ಲಿ ಬೆಳೆದ ನನಗೆ ಚರಗವೆಂದರೇನೆಂದು ಗೊತ್ತಿರಲಿಲ್ಲ. ಅವರೇ ತಿಳಿಸಿ ಹೇಳಿದರು. ಎಳ್ಳಮಾವಾಸ್ಯೆಯ ದಿನ ಮನೆಯವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಬೇಕು. ಮುಂದೆ ಒಬ್ಬರು "ಹುಲ್ಲುಲ್ಲಿಗೋ" ಎಂದು ಕೂಗುತ್ತ ಭೂಮಿತಾಯಿಗೆ ಎಡೆ ಚೆಲ್ಲುತ್ತ ಹೋಗಬೇಕು; ಆ ಎಡೆಯೇ ಚರಗ. ಹಿಂದಿನವರು ನೀರು ಚಿಮುಕಿಸುತ್ತ "ಚಲ್ಲಂಬ್ರಿಗೋ" ಎಂದು ಓಗೊಡಬೇಕು. ಆಮೇಲೆ ಎಲ್ಲರೂ ಕೂತು ಉಣ್ಣಬೇಕು. ಅವರ ಮದುವೆಯಾದಾಗಿನಿಂದಲೂ ಮುಂದೆ ಮಾವ, ಹಿಂದೆ ಅತ್ತೆ.

"ಒಂದು ವರ್ಷಾನೂ ತಪ್ಪಿಸಿಲ್ಲ," ಎಂದರು. "ಈ ಸಲ ತಪ್ಪಿದ್ರ ಅವರ ಜೋಡಿ ಇದೂ ಹೋತು ಅಂದಂಗ ಆಗತೈತಿ."

ಹೊಲ ಎಲ್ಲಿಂದ ತರುವುದು? ಅಪಾರ್ಟ್‌ಮೆಂಟಿನ ಸುತ್ತ ಇದ್ದದ್ದೆಲ್ಲ ಸಿಮೆಂಟು. "ಆ ಬೀಚಿನ ಹಿಂದ ಎತ್ತರಕ ಹುಲ್ಲು ಬೆಳದೈತಲ್ಲ, ಅದ ನಮ್ಮ ಹೊಲ," ಎಂದು ಅತ್ತೆಯೇ ತೀರ್ಮಾನ ಕೊಟ್ಟರು. ಗಂಡ ಶನಿವಾರ ಹೋಗೋಣವೆಂದ. "ಅಮಾಸಿ ನಿನ್ನ ಶನಿವಾರಕ್ಕ ಕಾಕ್ಕೊಂಡು ಕುಂದರತೈತೇನು?" ಎಂದು ಅತ್ತೆಯಿಂದ ಗದರಿಸಿಕೊಂಡ.

ಇಂಡಿಯನ್ ಗ್ರೋಸರಿಯಲ್ಲಿ ಸಜ್ಜೆ ಹಿಟ್ಟು ಸಿಕ್ಕಿತು. ಪುಂಡಿಸೊಪ್ಪು ಗೊಂಗುರ ಎಂಬ ಹೆಸರಿನಲ್ಲಿ ಕೂತಿತ್ತು. ಅತ್ತೆ ನಸುಕಿನಲ್ಲೇ ಎದ್ದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಎಣ್ಣೆಗಾಯಿ, ಮೊಸರನ್ನ ಎಲ್ಲ ಮಾಡಿದರು. ರೊಟ್ಟಿಯ ಹೊಗೆಗೆ ಸ್ಮೋಕ್ ಅಲಾರ್ಮು ಬಾಯಿ ಬಡಿದುಕೊಂಡಿತು. "ಅದಕ್ಕೂ ಒಂದು ರೊಟ್ಟಿ ಕೊಡು, ಸುಮ್ಮನಾಗತೈತಿ," ಎಂದರು.

ಬೀಚಿನಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಎದುರು ದಡದ ಸ್ಯಾನ್‌ಫ್ರಾನ್ಸಿಸ್ಕೊ ಕಟ್ಟಡಗಳ ತುದಿ ಮಾತ್ರ ಕಾಣುತ್ತಿತ್ತು. ಅತ್ತೆ ಕಲ್ಲುಗಳನ್ನು ಆರಿಸಿ ಸಾಲಾಗಿಟ್ಟು ಪೂಜೆ ಮಾಡಿದರು. ಗಂಡ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಮೀಟಿಂಗಿನಲ್ಲಿದ್ದ. ನನ್ನ ಕಣ್ಣಿಗೆ ಬಿದ್ದದ್ದು ಹಕ್ಕಿಗಳಿಗೆ ತಿನ್ನಿಸಬಾರದು ಎಂಬ ಬೋರ್ಡು.

"ಅತ್ತೆ, ಹಕ್ಕಿಗೆ ಹಾಕಬಾರದಂತೆ, ಬೋರ್ಡು ಹಾಕಿದ್ದಾರೆ."

"ನಾ ಹಕ್ಕಿಗೆ ಎಲ್ಲಿ ಹಾಕಾಕತ್ತೀನಿ? ಭೂಮಿತಾಯಿಗೆ ಹಾಕಾಕತ್ತೀನಿ."

ಒಂದು ಕೈಯಲ್ಲಿ ಎಡೆಯ ಬೋಗುಣಿ, ಇನ್ನೊಂದರಲ್ಲಿ ನೀರಿನ ತಂಬಿಗೆ ಹಿಡಿದು ಅವರು ಹುಲ್ಲಿನ ಅಂಚಿಗೆ ನಡೆದು, ತಂಬಿಗೆ ಕೆಳಗಿಟ್ಟು, ಹಿಡಿ ಎಡೆ ಚೆಲ್ಲಿ, ಗಂಟಲೆತ್ತಿ "ಹುಲ್ಲುಲ್ಲಿಗೋ!" ಎಂದು ಕೂಗಿದರು. ಯಾರೂ ಓಗೊಡಲಿಲ್ಲ. ನನಗೆ ನಾಚಿಕೆಯಾಗಿತ್ತು. ಬಂದದ್ದು ಸೀಗಲ್ ಹಕ್ಕಿಗಳು. ಎಲ್ಲಿದ್ದವೋ, ಹಿಂಡುಗಟ್ಟಿ ಅನ್ನದ ಮೇಲೆ ಎರಗಿದವು. ಮಗಳು "ಅಜ್ಜೀ, ರನ್!" ಎಂದು ಕಿರುಚಿ ನನ್ನ ಹಿಂದೆ ಅಡಗಿದಳು. ಅತ್ತೆ ಓಡಲಿಲ್ಲ. ಬೋಗುಣಿ ಕೆಳಗಿಟ್ಟು, ತಮ್ಮ ಕೂಗಿಗೆ ತಾವೇ ತಿರುಗಿ ನಿಂತು, ತಂಬಿಗೆಯ ನೀರು ಚಿಮುಕಿಸಿ, ಸಣ್ಣಗೆ "ಚಲ್ಲಂಬ್ರಿಗೋ" ಎಂದರು. ಮತ್ತೆ ಬೋಗುಣಿ ಎತ್ತಿಕೊಂಡು ಮುಂದೆ ಹೋಗಿ ಕೂಗಿದರು. ಮತ್ತೆ ಹಿಂದೆ ಬಂದು ಓಗೊಟ್ಟರು. ನೋಡಲಾಗದೆ ನಾನು ಮುಖ ತಿರುಗಿಸಿಕೊಂಡೆ.

ಆ ಕೂಗು ಮೀಟಿಂಗಿಗೂ ಕೇಳಿಸಿತ್ತು. "ನಥಿಂಗ್, ಮೈ ಮದರ್," ಎಂದು ಗಂಡ ಯಾರಿಗೋ ಸಮಜಾಯಿಷಿ ಕೊಡುತ್ತಿದ್ದ. ಅವನ ಕಣ್ಣು ಅತ್ತೆಯ ಮೇಲೇ ಇತ್ತು. ಮಾತು ಅರ್ಧಕ್ಕೇ ಬಿಟ್ಟು ಇಯರ್‌ಫೋನು ಕಿತ್ತು ಜೇಬಿಗೆ ಹಾಕಿಕೊಂಡ. ಬೂಟು ಕಳಚಿ, ಬರಿಗಾಲಲ್ಲಿ ಹೋಗಿ ಅವರ ಕೈಯಿಂದ ಬೋಗುಣಿ ತೆಗೆದುಕೊಂಡ.

"ಅವ್ವಾ, ನೀ ಹಿಂದ ಬಾ."

ಹಿಡಿ ತುಂಬ ಎಡೆ ಚೆಲ್ಲಿ "ಹುಲ್ಲುಲ್ಲಿಗೋ!" ಎಂದು ಕೂಗಿದ. ಇಷ್ಟು ವರ್ಷ ಸಂಸಾರ ಮಾಡಿದ ನಾನು ಆ ದನಿಯನ್ನು ಅವನ ಬಾಯಲ್ಲಿ ಕೇಳಿಯೇ ಇರಲಿಲ್ಲ. ಹಕ್ಕಿಗಳೆಲ್ಲ ಒಮ್ಮೆಗೇ ಮೇಲೆದ್ದವು.

ಹಿಂದಿನಿಂದ ಓ ಬರಲಿಲ್ಲ. ಅವನು ತಿರುಗಿ ನೋಡಿದ. ಅತ್ತೆ ನಿಂತಲ್ಲೇ ನಿಂತಿದ್ದರು. ತಂಬಿಗೆ ವಾಲಿ ನೀರು ಮರಳಿಗೆ ಸುರಿಯುತ್ತಿತ್ತು. "ಏನಾಯ್ತು ಅತ್ತೆ?" ಎಂದು ನಾನು ಓಡಿದೆ. ಅವರು ನನ್ನ ಕಡೆ ನೋಡಲೇ ಇಲ್ಲ.

"ನಿಮ್ಮಪ್ಪಂದ ದನಿ ಬಂತಲ್ಲೋ ತಮ್ಮಾ," ಎಂದರು ಮಗನಿಗೆ. ಸೆರಗಿನಿಂದ ಕಣ್ಣು ಮೂಗು ಎಲ್ಲ ಒರೆಸಿಕೊಂಡರು. "ನಾ ಓಗೊಡೂದ ಮರತೆ. ಇನ್ನೊಮ್ಮೆ ಕೂಗು."