ಹಿಂದಿನ ದಾರ

ನಮ್ಮ ಭಾನುವಾರದ ಹಕ್ಕಿ ಗುಂಪಿನಲ್ಲಿ ನನಗೊಂದು ಅಡ್ಡಹೆಸರಿದೆ, ಬ್ಯಾಕ್‌ಗ್ರೌಂಡ್ ಅಂಕಲ್. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ. ಹೆಬ್ಬಾಳ ಕೆರೆಯ ಗೇಟಿನ ಬಳಿ ಟೀ ಕುಡಿಯುವಾಗ ಒಂದೆರಡು ಸಲ ಕಿವಿಗೆ ಬಿದ್ದಿದೆ, ಅಷ್ಟೇ. ಬೇಜಾರೇನೂ ಆಗಿರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಬೀಗಿದ್ದೆ.

ಈ ಹುಚ್ಚು ಹತ್ತಿದ್ದು ಒಂದು ಅವಮಾನದಿಂದ. ಕ್ಯಾಮೆರಾ ಕೊಂಡ ಹೊಸದರಲ್ಲಿ ಯಲಹಂಕ ಕೆರೆಯಲ್ಲಿ ಬೆಳ್ಳಕ್ಕಿಯ ಫೋಟೋ ತೆಗೆದು ಗುಂಪಿನ ಹಿರಿಯರೊಬ್ಬರಿಗೆ ತೋರಿಸಿದ್ದೆ. ಅವರು ಕನ್ನಡಕ ಹಣೆಗೇರಿಸಿ ನೋಡಿ, "ಚೆನ್ನಾಗಿದೆ ಕಣ್ರೀ. ಆದ್ರೆ ನಿಮ್ ಬೆಳ್ಳಕ್ಕಿ ತಲೆ ಮೇಲೆ ನೀರಿನ ಟ್ಯಾಂಕ್ ಹೊತ್ಕೊಂಡಿದೆಯಲ್ಲ, ಯಾರ ಮನೆಗೆ ಸಪ್ಲೈ?" ಎಂದರು. ಎಲ್ಲರೂ ನಕ್ಕರು. ದೂರದ ತಾರಸಿಯೊಂದರ ಕರಿ ಟ್ಯಾಂಕ್ ಸರಿಯಾಗಿ ಹಕ್ಕಿಯ ನೆತ್ತಿಯ ಮೇಲೆ ಬಂದು ಕೂತಿತ್ತು. ತೆಗೆಯುವಾಗ ನನಗದು ಕಂಡೇ ಇರಲಿಲ್ಲ. "ಹಕ್ಕೀನ ಯಾರ್ ಬೇಕಾದ್ರೂ ತೆಗೀತಾರೆ. ಅದರ ಹಿಂದೇನಿದೆ ಅಂತ ನೋಡೋನೇ ಫೋಟೋಗ್ರಾಫರ್" ಎಂದು ಅವರೇ ಸಮಾಧಾನ ಹೇಳಿದರು. ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಳ್ಳುವವರ ಹಾಗೆ ಇಟ್ಟುಕೊಂಡೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಮಂಡಿನೋವೆಂದು ಆ ಹಿರಿಯರು ಬರುವುದು ಬಿಟ್ಟ ಮೇಲೆ ಗುಂಪಿಗೆ ಅತ್ತೆ ನಾನಾದೆ. ಯಾರೇ ಫೋಟೋ ಹಾಕಲಿ, ನನ್ನ ಕಣ್ಣು ಹಕ್ಕಿಯನ್ನು ದಾಟಿ ಹಿಂದಕ್ಕೆ ಓಡುತ್ತಿತ್ತು. ಅಲ್ಲಿ ಕರೆಂಟ್ ಕಂಬವಿದೆಯೇ, ಪ್ಲಾಸ್ಟಿಕ್ ಕವರಿದೆಯೇ? ಹಿಂಭಾಗ ಬೆಣ್ಣೆ ಸವರಿದ ಹಾಗೆ ನುಣ್ಣಗಿರಬೇಕು. ಇಲ್ಲದಿದ್ದರೆ ನನಗೆ ಸಿಟ್ಟೇ ಬರುತ್ತಿತ್ತು.

ಹೋದ ಆಷಾಢದ ಒಂದು ಶನಿವಾರ ಬೆಳಿಗ್ಗೆ ಗುಂಪಿನ ವಾಟ್ಸಾಪ್‌ಗೆ ಹದ್ದಿನ ಫೋಟೋ ಬಂತು. ಹಾಕಿದವರು ಕೊಡಿಗೇಹಳ್ಳಿಯ ಹೆಂಗಸು. ಬ್ಯಾಂಕಿನಲ್ಲಿ ಕೆಲಸ, ಗುಂಪಿಗೆ ಹೊಸಬರು, ಕೆರೆಗೆ ಒಂದೇ ಒಂದು ಸಲ ಬಂದವರು. ಅವರ ತಾರಸಿಯಿಂದ ತೆಗೆದದ್ದು. ಪಕ್ಕದ ಖಾಲಿ ಸೈಟಿನ ಸಿಲ್ವರ್ ಓಕ್ ಮರದಲ್ಲಿ ಹದ್ದು ಕೂತ ಹಾಗಿತ್ತು. ಅದರ ಬೆನ್ನ ಹಿಂದಿನಿಂದ ಫೋಟೋದ ಮೂಲೆಯವರೆಗೂ ಒಂದು ಬಿಳಿ ದಾರ ಓರೆಯಾಗಿ ಹಾದುಹೋಗಿತ್ತು. ಕೆಳಗೆ ಅವರು ಬರೆದಿದ್ದರು: "ಸರ್, ಇದಕ್ಕೆ ಏನಾದ್ರೂ ಮಾಡೋಕಾಗುತ್ತಾ?"

ನಮ್ಮ ಗುಂಪಿನಲ್ಲಿ ದಿನವೂ ಕೇಳುವ ಪ್ರಶ್ನೆ ಇದೇ. ಫೋಟೋ ಹಾಕುತ್ತಾರೆ, ಏನಾದರೂ ಮಾಡಬಹುದಾ ಎನ್ನುತ್ತಾರೆ, ನಾನು ಹೇಳುತ್ತೇನೆ. ಹೇಳಿದೆ: "ಹಿಂದಿನ ದಾರ ಕಣ್ಣಿಗೆ ಹೊಡೀತಿದೆ. ಅದನ್ನ ತೆಗೆದುಬಿಟ್ರೆ ಸರಿಹೋಗುತ್ತೆ."

"ಹೌದು ಸರ್, ಅದನ್ನೇ ತೆಗೀಬೇಕು. ನಂಗೆ ಗೊತ್ತಾಗ್ತಿಲ್ಲ. ನೀವು ಬರ್ತೀರಾ?"

ಬರುವುದಂತೆ! ಫೋಟೋದೊಳಗಿನ ದಾರ ತೆಗೆಯಲು ಮನೆಗೆ ಬರಬೇಕೇ? ಹೊಸಬರ ಮುಗ್ಧತೆಗೆ ನಕ್ಕು, ದೊಡ್ಡ ಮನಸ್ಸು ಮಾಡಿ ಬರೆದೆ: "ಬರೋದೇನೂ ಬೇಡಮ್ಮ. ನೀವೇನೂ ಮಾಡೋಕೆ ಹೋಗ್ಬೇಡಿ, ನಾನು ನೋಡ್ಕೊಳ್ತೀನಿ. ಸಂಜೆಯೊಳಗೆ ಆಗುತ್ತೆ."

ಅವರು ಕೈಮುಗಿಯುವ ಚಿತ್ರ ಕಳಿಸಿದರು.

ಊಟ ಮಾಡಿ ಕಂಪ್ಯೂಟರ್ ಮುಂದೆ ಕೂತೆ. ಆಕಾಶದ ಮೇಲಿನ ದಾರ ಅಳಿಸುವುದು ಸುಲಭ. ಅದು ಗರಿಗಳಿಗೆ ತಾಗುವ ಜಾಗವೇ ಕಷ್ಟ. ಒಂದು ಗರಿಯ ಅಂಚೂ ಮಾಸದ ಹಾಗೆ, ಉಸಿರು ಬಿಗಿಹಿಡಿದು ಅಳಿಸಿದೆ. ದಾರ ಅಲ್ಲಿ ರೆಕ್ಕೆಯ ಹಿಂದೆ ಹೋಗಿರಲಿಲ್ಲ, ರೆಕ್ಕೆಯ ಒಳಕ್ಕೇ ಹೋಗಿತ್ತು. ಅಷ್ಟು ದೊಡ್ಡದು ಮಾಡಿ, ಅಷ್ಟು ಹೊತ್ತು ನೋಡಿದವನಿಗೆ ಅದು ಕಾಣಲಿಲ್ಲ. ಸಂಜೆಗೆ ಮುಂಚೆಯೇ ಗುಂಪಿಗೆ ಹಾಕಿ, "ನೋಡಿ, ಈಗ ಕ್ಲೀನ್" ಎಂದು ಬರೆದೆ. ಚಪ್ಪಾಳೆಗಳು ಬಂದವು. ಅವರಿಂದ ಮಾತ್ರ ಏನೂ ಬರಲಿಲ್ಲ.

ಭಾನುವಾರ ಬೆಳಿಗ್ಗೆ ನನಗೊಬ್ಬನಿಗೇ ಅವರ ವಾಯ್ಸ್ ಮೆಸೇಜ್ ಬಂತು. ಸಿಟ್ಟಿರಲಿಲ್ಲ, ಸಂಕೋಚವಿತ್ತು. "ಸರ್, ನೀವು ಯಾರನ್ನೋ ಕಳಿಸ್ತೀರಾ ಅಂದ್ಕೊಂಡು ನಿನ್ನೆಯೆಲ್ಲಾ ತಾರಸಿ ಮೇಲೇ ಕಾಯ್ತಿದ್ದೆ. ಫೋಟೋದಲ್ಲಿ ದಾರ ತೆಗೆದಿದ್ದೀರ. ಹಕ್ಕಿ ಇನ್ನೂ ಅಲ್ಲೇ ನೇತಾಡ್ತಿದೆ ಸರ್."

ಆಷಾಢದ ಗಾಳಿ, ಗಾಳಿಪಟ, ಗಾಜಿನ ಪುಡಿ ಹಚ್ಚಿದ ಮಾಂಜಾ ದಾರ. ಇದು ನನಗೆ ಗೊತ್ತಿಲ್ಲದ ವಿಷಯವೇ? ಪ್ರತಿವರ್ಷ ಇದೇ ಕಾಲದಲ್ಲಿ ಹದ್ದುಗಳು ಸಿಕ್ಕಿಬೀಳುತ್ತವೆ. ಗಾಯಗೊಂಡ ಹಕ್ಕಿಗಳನ್ನು ಬಿಡಿಸುವವರ ನಂಬರು ಗುಂಪಿನ ಹಳಬರೆಲ್ಲರ ಫೋನಿನಲ್ಲಿದೆ, ನನ್ನದರಲ್ಲೂ ಇದೆ. ಆಕೆಗೆ ಗೊತ್ತಿರಲಿಲ್ಲ. ಅದಕ್ಕೇ ಕೇಳಿದ್ದರು.

ಹಕ್ಕಿ ಬಿಡಿಸುವವರಿಗೆ ಫೋನ್ ಮಾಡಿ, ಆರ್.ಟಿ. ನಗರದಿಂದ ಸ್ಕೂಟರಿನಲ್ಲಿ ಆಕೆಯ ಮನೆಗೆ ಹೋದೆ. ಕ್ಯಾಮೆರಾ ಒಯ್ಯಲಿಲ್ಲ. ಹದ್ದು ಒಂದು ರೆಕ್ಕೆಯಲ್ಲಿ ಜೋತುಬಿದ್ದಿತ್ತು, ಆಗಾಗ ಇನ್ನೊಂದನ್ನು ಬಡಿಯುತ್ತಿತ್ತು. ಬಿಡಿಸುವವರಿಬ್ಬರು ಬಂದು, ಒಬ್ಬ ಮರ ಹತ್ತಿ, ದಾರ ಕತ್ತರಿಸಿ, ಕೆಳಗೆ ಹಿಡಿದಿದ್ದ ಬೆಡ್‌ಶೀಟಿಗೆ ಹಕ್ಕಿಯನ್ನು ಇಳಿಸಿದರು. ಬೆಡ್‌ಶೀಟಿನ ಎರಡು ತುದಿ ಆಕೆಯ ಕೈಯಲ್ಲಿದ್ದವು, ಒಂದು ನನ್ನ ಕೈಯಲ್ಲಿ, ಇನ್ನೊಂದು ಕೆಳಗೆ ನಿಂತವನ ಕೈಯಲ್ಲಿತ್ತು. ರೆಕ್ಕೆಯ ಬುಡದಲ್ಲಿ ದಾರ ಮೂಳೆಯವರೆಗೂ ಕೊಯ್ದಿತ್ತು.

"ಜೀವ ಉಳಿಯುತ್ತೆ. ಹಾರೋದು ಡೌಟು. ನಿನ್ನೆ ಬೆಳಿಗ್ಗೆನೇ ಕರೆದಿದ್ರೆ ರೆಕ್ಕೆ ಉಳೀತಿತ್ತೇನೋ. ಯಾರಿಗೂ ಹೇಳ್ಲೇ ಇಲ್ವಾ ಮೇಡಮ್?" ಎಂದರು ಅವರಲ್ಲೊಬ್ಬರು.

ಆಕೆ ನನ್ನ ಕಡೆ ನೋಡಲೂ ಇಲ್ಲ. "ಹೇಳಿದ್ದೆ. ನಂಗೇ ಸರಿಯಾಗಿ ಹೇಳೋಕೆ ಬರ್ಲಿಲ್ಲ" ಎಂದರು. ಇಲ್ಲ, ತಪ್ಪು ನನ್ನದು ಎಂದು ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಹಕ್ಕಿಯನ್ನು ಒಯ್ಯಲು ಅವರು ತಂದಿದ್ದ ರಟ್ಟಿನ ಡಬ್ಬಕ್ಕೆ ತೂತು ಮಾಡುವುದರಲ್ಲಿ ಬಹಳ ಕೆಲಸವಿದ್ದವನಂತೆ ಬಗ್ಗಿಕೊಂಡೆ.

ಡಬ್ಬ ಹೊತ್ತ ಗಾಡಿ ಹೊರಟ ಮೇಲೆ ಇಬ್ಬರ ಫೋನೂ ಒಟ್ಟಿಗೇ ಸದ್ದು ಮಾಡಿದವು. ನಾನು ಅಳಿಸಿ ಕೊಟ್ಟ ಫೋಟೋದ ಕೆಳಗೆ ಗುಂಪಿನವರೊಬ್ಬರು ಬರೆದಿದ್ದರು: "ಬ್ಯಾಕ್‌ಗ್ರೌಂಡ್ ಸೂಪರ್. ಪೋಸ್ ಮಾತ್ರ ಸರಿಯಿಲ್ಲ. ರೆಕ್ಕೆ ಯಾಕೆ ಹಂಗೆ ಜೋತಾಡ್ತಿದೆ? ಸ್ವಲ್ಪ ಕಾಯ್ಬೇಕಿತ್ತು."

ಆಕೆ ಗೇಟಿಗೆ ಒರಗಿಕೊಂಡು, ಬೆಡ್‌ಶೀಟನ್ನು ಕಂಕುಳಿಗೆ ಸಿಕ್ಕಿಸಿ ಟೈಪ್ ಮಾಡುತ್ತಿದ್ದರು. ನನ್ನ ಬಣ್ಣ ಈಗ ಬಯಲಾಗುತ್ತದೆ ಎಂದುಕೊಂಡೆ. ಆಗಲಿ ಎಂದೂ ಅನ್ನಿಸಿತು. ಫೋನ್ ಮತ್ತೆ ಸದ್ದು ಮಾಡಿತು.

"ಸಾರಿ ಸರ್. ಮುಂದಿನ ಸಲ ಸರಿಯಾಗಿ ತೆಗೀತೀನಿ."

ನನ್ನೆದುರಿಗೇ ನಿಂತು, ನನ್ನನ್ನು ಬಿಟ್ಟುಕೊಡದೆ ಹಾಗೆ ಬರೆದು, "ಒಳಗೆ ಬನ್ನಿ ಸರ್, ಕಾಫಿ ಕುಡ್ಕೊಂಡ್ ಹೋಗಿ" ಎಂದರು. ಹೋದೆ, ಕುಡಿದೆ. ಅವರ ಆ ಮಾತು ಗುಂಪಿನಲ್ಲಿ ಈಗಲೂ ಹಾಗೇ ಇದೆ. ಅದರ ಕೆಳಗೆ ನಾನು ಬರೆಯಬೇಕಾದದ್ದನ್ನು ಇನ್ನೂ ಬರೆದಿಲ್ಲ.